ಗ್ರಾವಿಟಿ ರಾಯರು

ಆಗುಂಬೆ ಸೀಮೆಯ ಗುಡ್ಡಗಳಲ್ಲಿ ಈಚೆಗೆ ಹೊಸ ಜಾತಿಯ ಮನುಷ್ಯರು ಕಾಣಸಿಗುತ್ತಾರೆ. ವಾರವೆಲ್ಲ ಬೆಂಗಳೂರಿನಲ್ಲಿ ಮ್ಯಾನೇಜರು, ಶನಿವಾರ ಭಾನುವಾರ ಹೆಂಚಿನ ಮನೆಯಲ್ಲಿ ಋಷಿ. ಕರೆಂಟಿನ ಕಂಬ ಅಲ್ಲಿಗೆ ಹತ್ತಿಲ್ಲ, ಪಂಚಾಯಿತಿ ನಲ್ಲಿಯೂ ಹತ್ತಿಲ್ಲ. ಅದೇ ಅವರ ಹೆಮ್ಮೆ. ನಮ್ಮ ರಾಯರು ಈ ಜಾತಿಯವರು.

ನೆಂಟರು ಬಂದರೆ ಕಾಫಿಗೆ ಮುಂಚೆ ನೀರಿನ ಪಾಠ. "ಬೆಂಗಳೂರಿಗೆ ಕಾವೇರಿ ಹೇಗೆ ಬರುತ್ತೆ ಗೊತ್ತೇನ್ರೀ? ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡ್ಬೇಕು! ಇಲ್ಲಿ ನೋಡಿ, ಅಬ್ಬಿ ಮೇಲಿದೆ, ಮನೆ ಕೆಳಗಿದೆ. 30 ಮೀಟರ್ ಇಳುಕಲು ಅಂದ್ರೆ 3 ಬಾರ್ ಪ್ರೆಷರ್. ಎಲ್ಲಾ ಗ್ರಾವಿಟಿ. ನಯಾಪೈಸೆ ಬಿಲ್ಲಿಲ್ಲ." ಇಷ್ಟು ಹೇಳಿ ಬಚ್ಚಲಿನ ನಲ್ಲಿ ತಿರುಗಿಸುತ್ತಾರೆ. ಅದು ಬುಸ್ಸೆಂದು ಗಾಳಿ ಬಿಟ್ಟು, ಎರಡು ಹನಿ ಉದುರಿಸಿ ಸುಮ್ಮನಾಗುತ್ತದೆ.

ಆಮೇಲೆ ಮೆರವಣಿಗೆ. ಮುಂದೆ ಕತ್ತಿ ಹಿಡಿದ ರಾಯರು, ಹಿಂದೆ ಉಂಬಳಕ್ಕೆ ಕಾಲು ಕೊಟ್ಟ ನೆಂಟರು. ಕರಿ ಪೈಪಿನ ಉದ್ದಕ್ಕೂ ತನಿಖೆ. ಹಂದಿ ಕಚ್ಚಿತೆ? ಮಂಗ ಜೋತಾಡಿ ಜಾಯಿಂಟು ಬಿಚ್ಚಿತೆ? ಜಾಲರಿಗೆ ಎಲೆ ಮೆತ್ತಿತೆ? ಯಾವುದೂ ಅಲ್ಲವೆಂದಾದರೆ ರಾಯರು ಪೈಪಿನ ತುದಿಯನ್ನೇ ಬಾಯಿಗಿಟ್ಟು ಕೆನ್ನೆ ಒಳಹೋಗುವಷ್ಟು ಎಳೆಯುತ್ತಾರೆ. ಬರುವುದು ಕೆಸರು, ಒಮ್ಮೊಮ್ಮೆ ಒಂದು ಏಡಿಮರಿ.

ತೋಟದ ಆಳು ಎಲೆಯಡಿಕೆ ಜಗಿಯುತ್ತ ಅಷ್ಟೂ ನೋಡಿದ ಮೇಲೆ ಬಾಯಿ ಬಿಡುತ್ತಾನೆ. "ಗಾಳಿ ಹಿಡ್ದದೆ ಸಾರ್, ಆ ಉಬ್ಬಲ್ಲಿ." ಪೈಪು ಏರಿ ಇಳಿಯುವ ಕಡೆ ಕಾಯಿಸಿದ ಮೊಳೆಯಿಂದ ಒಂದು ತೂತು ಮಾಡುತ್ತಾನೆ. ಸುಂಯ್ ಎಂದು ಗಾಳಿ, ಅದರ ಹಿಂದೆಯೇ ನೀರು. ತೂತಿಗೊಂದು ಕಡ್ಡಿ ಬಡಿದು, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದರೆ ರಿಪೇರಿ ಮುಗಿಯಿತು. ರಾಯರು ಅದರ ಫೋಟೋ ತೆಗೆದು, ಕೆಳಗೆ 'ನನ್ನ ಏರ್ ರಿಲೀಸ್ ವಾಲ್ವ್' ಎಂದು ಬರೆದು ಆಫೀಸಿನ ಗ್ರೂಪಿಗೆ ಹಾಕುತ್ತಾರೆ.

ಮಳೆನೀರಿನ ಲೆಕ್ಕವಂತೂ ಅವರಿಗೆ ಬಾಯಿಪಾಠ. ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಮಾಡು 50 ಚದರ ಮೀಟರ್. ಗುಣಿಸಿದರೆ ಮೂರೂವರೆ ಲಕ್ಷ ಲೀಟರ್! ಹಿಡಿಯಲು ಇಟ್ಟಿರುವ ಟ್ಯಾಂಕು ಮಾತ್ರ 2,000 ಲೀಟರಿನದು. ಆಷಾಢದ ಒಂದೇ ಜಡಿಗೆ ಅದು ತುಂಬಿ, ಮಿಕ್ಕದ್ದೆಲ್ಲ ತುಂಗೆಗೆ ದಾನ.

ಯುಗಾದಿ ಕಳೆಯುವ ಹೊತ್ತಿಗೆ ಅಬ್ಬಿಯೂ ನೂಲಿನೆಳೆ. ಆಗ ನೆಂಟರಿಗೆ ರೇಷನ್ನು: ಸ್ನಾನಕ್ಕೆ ಅರ್ಧ ಬಕೆಟ್, ಊಟಕ್ಕೆ ಬಾಳೆಲೆ, ತಟ್ಟೆ ತೊಳೆಯುವ ಮಾತೇ ಇಲ್ಲ. "ಪ್ರಕೃತಿ ಜೊತೆ ಬದುಕೋದು ಅಂದ್ರೆ ಇದೇ ಕಣ್ರೀ" ಎಂದು ರಾಯರು ಜಗಲಿಯಲ್ಲಿ ಪ್ರವಚನಕ್ಕೆ ಕೂರುತ್ತಾರೆ. ಅತ್ತ ಅವರ ಶ್ರೀಮತಿ ತುಟಿ ಪಿಟಕ್ಕೆನ್ನದೆ ಕಾರಿನ ಡಿಕ್ಕಿಯಿಂದ 20 ಲೀಟರಿನ ಕ್ಯಾನು ಇಳಿಸಿ ಒಲೆಗೆ ನೀರಿಡುತ್ತಾರೆ. ಅದು ಬೆಂಗಳೂರಿನ ಮನೆಯ ಅಡುಗೆಮನೆ ನಲ್ಲಿಯದು. 500 ಮೀಟರ್ ಹತ್ತಿ ಸುಸ್ತಾದ ಕಾವೇರಿ, ಮತ್ತೆ ಸುಮಾರು 350 ಕಿಲೋಮೀಟರ್ ಪೆಟ್ರೋಲಿನಲ್ಲಿ ಪ್ರಯಾಣ ಮಾಡಿ ಗುಡ್ಡಕ್ಕೂ ಬಂದಿದ್ದಾಳೆ.

ರಾಯರು ಒಂದು ಗುಟುಕು ಕುಡಿದು ಕಣ್ಣು ಮುಚ್ಚುತ್ತಾರೆ. "ನೋಡಿದ್ರಾ? ಅಬ್ಬಿ ನೀರಿನ ಕಾಫಿ ರುಚಿನೇ ಬೇರೆ!"