ನಾಯಿಯ ಮೇಲ್ವಿಚಾರಕರು

ಕನ್ಯಾನದ ಕಡೆ ಅಡಕೆ ತೋಟವಿರುವ ಯಾವ ಮನೆಯ ಜಗಲಿಯಲ್ಲಿ ಚಾ ಕುಡಿಯಲು ಕೂತರೂ, ಧಾರಣೆ, ಮಳೆ, ಕೊಳೆರೋಗ ಇವೆಲ್ಲ ಮುಗಿದ ಮೇಲೆ ಮಾತು ನಾಯಿಗೆ ಬಂದು ನಿಲ್ಲುತ್ತದೆ. “ಇದೊಂದು ದಂಡಪಿಂಡ ಮಾರಾಯ್ರೆ, ಯಾವಾಗ ನೋಡಿದರೂ ನಿದ್ದೆ” ಎಂದು ಯಜಮಾನರು ಮೆಟ್ಟಿಲ ಬಳಿ ಬಿದ್ದುಕೊಂಡಿರುವುದನ್ನು ತೋರಿಸುತ್ತಾರೆ. ಅದು ಒಂದು ಕಣ್ಣು ತೆರೆದು, ಸುದ್ದಿ ತನ್ನದೇ ಎಂದು ಖಾತ್ರಿ ಮಾಡಿಕೊಂಡು, ಪುನಃ ಮುಚ್ಚುತ್ತದೆ. ಈ ಯಜಮಾನರಿಗೆ ಎರಡು ಎಕರೆ ಇರಲಿ ಇಪ್ಪತ್ತಿರಲಿ, ಮನೆಮಾತು ತುಳುವಿರಲಿ ಹವ್ಯಕವಿರಲಿ ಮಲಯಾಳವಿರಲಿ, ಹುದ್ದೆ ಮಾತ್ರ ಒಂದೇ: ನಾಯಿಯ ಮೇಲ್ವಿಚಾರಕರು. ನಾಯಿ ಎಷ್ಟು ಹೊತ್ತು ಮಲಗಿತು ಎಂಬ ಲೆಕ್ಕ ಅವರ ನಾಲಗೆಯ ತುದಿಯಲ್ಲಿರುತ್ತದೆ. ಹಾಗೆ ಲೆಕ್ಕ ಇಟ್ಟವರು ಅದನ್ನು ಹಗಲು ಮಾತ್ರ ಇಟ್ಟಿದ್ದಾರೆ, ರಾತ್ರಿಯ ಪುಟಗಳು ಖಾಲಿ, ಏಕೆಂದರೆ ಆ ಹೊತ್ತಿಗೆ ಸ್ವತಃ ಮೇಲ್ವಿಚಾರಕರೇ ಗೊರಕೆ ಹೊಡೆಯುತ್ತಿರುತ್ತಾರೆ ಎಂಬುದು ನನ್ನ ತಕರಾರು.

ಆ ಖಾಲಿ ಪುಟಗಳನ್ನು ಬೇರೆಯವರು ತುಂಬಿದ್ದಾರೆ. ಆಡಮ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ಆಸ್ಟ್ರೇಲಿಯಾದಲ್ಲಿ ಸಾಕುನಾಯಿಗಳನ್ನು ರಾತ್ರಿ ಹೊತ್ತು ಗಮನಿಸಿ, 1993ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಸರಾಸರಿ ತೆಗೆದರೆ ನಾಯಿ 16 ನಿಮಿಷ ಮಲಗುತ್ತದೆ, 5 ನಿಮಿಷ ಎಚ್ಚರವಿರುತ್ತದೆ, ಪುನಃ ಮಲಗುತ್ತದೆ. 8 ಗಂಟೆಯ ರಾತ್ರಿಯಲ್ಲಿ ಹೀಗೆ 23 ಸಲ. ನಮ್ಮ ಊರಿನವರಿಗೆ ಇದನ್ನು ಅರ್ಥ ಮಾಡಿಸಲು ಆಸ್ಟ್ರೇಲಿಯಾ ಬೇಕಿಲ್ಲ, ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನ ಸಾಕು. ಗದ್ದೆಯಲ್ಲಿ ಚಾಪೆ ಹಾಸಿ ಒರಗಿದ ಅಜ್ಜ ಪೀಠಿಕೆ ಮುಗಿಯುವ ಮೊದಲೇ ತೂಕಡಿಸುತ್ತಿದ್ದರು. ಆದರೆ ಚೆಂಡೆಯ ಪೆಟ್ಟು ಬದಲಾದ ಕೂಡಲೇ, ಬಣ್ಣದ ವೇಷ ಇನ್ನೂ ಪರದೆಯ ಹಿಂದಿರುವಾಗಲೇ, ಎದ್ದು ಕೂರುತ್ತಿದ್ದರು. ಮರುದಿನ ಯಾವ ಪದ್ಯ ಎಲ್ಲಿ ಎಳೆಯಿತು ಎಂದು ಅವರೇ ಹೇಳಬೇಕು. ಅಜ್ಜನನ್ನು ನಿದ್ದೆಬಡಕ ಎಂದವರಿಲ್ಲ, ಹಳೆಯ ಪ್ರೇಕ್ಷಕರು ಎಂದೇ ಗೌರವಿಸಿದೆವು. ಅದೇ ವಿದ್ಯೆ ನಾಲ್ಕು ಕಾಲಿನ ಮೇಲೆ ಬಂದರೆ ದಂಡಪಿಂಡ. ಈಗ ಹಲವು ಆಟಗಳೂ ಕಾಲಮಿತಿಗೆ ಬಂದಿವೆ. ಒಂದು ದಿನವೂ ತಪ್ಪದೆ ಇಡೀ ರಾತ್ರಿಯ ಹಾಜರಿ ಉಳಿಸಿಕೊಂಡಿರುವುದು ನಾಯಿ ಒಂದೇ.

ಮೇಲ್ವಿಚಾರಕರು ಲೆಕ್ಕದಲ್ಲಿ ಹಿಂದೆ ಬೀಳುವವರಲ್ಲ. 23ನ್ನು 16ರಿಂದ ಗುಣಿಸಿ, “368 ನಿಮಿಷ! ಆರು ಗಂಟೆಗೂ ಮೇಲೆ ಮಲಗಿದ ಹಾಗಾಯ್ತಲ್ಲ” ಎಂದು ಮೇಜು ಕುಟ್ಟುತ್ತಾರೆ. ಗುಣಾಕಾರ ಸರಿ, ತೀರ್ಮಾನ ತಪ್ಪು. ಒಂದೇ ಉಸಿರಿಗೆ ಆರು ಗಂಟೆ ಮಲಗುವುದಕ್ಕೂ, ಪ್ರತಿ ಕಾಲು ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಕಿವಿಯಾನಿಸುವುದಕ್ಕೂ ಇರುವ ವ್ಯತ್ಯಾಸ, ಅಂಗಳದಲ್ಲಿ ಚಾಲಿ ಅಡಕೆ ಒಣಹಾಕಿದವರಿಗಾದರೂ ತಿಳಿಯಬೇಕು. ಸಂಬಳದ ಕಾವಲಿನವನು ರಾತ್ರಿಗೆ 23 ಸಲ ಎದ್ದರೆ ಮೂರನೆಯ ದಿನ ಸಂಘ ಕಟ್ಟುತ್ತಾನೆ. ಜತೆಗೆ ನಾಯಿ ಮಲಗಿದರೂ ಕಿವಿ ಮಲಗುವುದಿಲ್ಲ. ನಮಗೆ ಸುಮಾರು 20,000 ಹರ್ಟ್ಸ್‌ಗೆ ಕೇಳಿಸುವುದು ನಿಂತರೆ, ಅದಕ್ಕೆ 45,000ದವರೆಗೂ ಕೇಳಿಸುತ್ತದೆ. ಇನ್ನು ಮಧ್ಯಾಹ್ನ ಅಡಕೆ ಸಿಪ್ಪೆಯ ರಾಶಿಯ ಮೇಲೋ ಜೀಪಿನ ಅಡಿಯಲ್ಲೋ ಮಲಗುವುದು ಸೋಮಾರಿತನವಲ್ಲ, ಬೆಳಗು ಮತ್ತು ಮುಸ್ಸಂಜೆ ಚುರುಕಾಗಿರುವ ಪ್ರಾಣಿಯ ಪಾಳಿ ಬದಲಾವಣೆ. ಮೇಲ್ವಿಚಾರಕರೂ ಊಟವಾದ ಮೇಲೆ ಆರಾಮ ಕುರ್ಚಿಯಲ್ಲಿ ಅಡ್ಡಾಗುತ್ತಾರೆ, ಅದಕ್ಕೆ ವಿಶ್ರಾಂತಿ ಎಂದು ಹೆಸರು.

“ಎಚ್ಚರ ಇರುತ್ತದೆ, ಒಪ್ಪಿದೆ. ಆದರೆ ಸುಮ್ಮಸುಮ್ಮನೆ ಬೊಗಳುತ್ತದಲ್ಲ?” ಎಂಬುದು ಎರಡನೆಯ ಆಕ್ಷೇಪ. ಇಲ್ಲಿ ನೆನಪಿಡಬೇಕಾದದ್ದು, ನಮ್ಮಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಒಂದೊಂದು ತೋಟಕ್ಕೆ ಒಂದೊಂದು ಮನೆ, ನಡುವೆ ಗುಡ್ಡ. ಬಾಯಾರಿನ ಕಡೆ ಒಂದು ನಾಯಿ ಸುದ್ದಿ ಎತ್ತಿದರೆ ಅದು ಕೇರಳದ ಗಡಿ ದಾಟಿ, ಯಾವ ಚೆಕ್‌ಪೋಸ್ಟಿನಲ್ಲೂ ನಿಲ್ಲದೆ, ಗುಡ್ಡದಿಂದ ಗುಡ್ಡಕ್ಕೆ ಹಾರಿ ಕನ್ಯಾನಕ್ಕೆ ಬಂದು ವಿಟ್ಲದತ್ತ ಹೋಗುತ್ತದೆ. ಮೂಲ ಕಾರಣ ಹಂದಿಯೋ, ಹಣ್ಣಡಕೆಗೆ ಬಂದ ಬಾವಲಿಯೋ, ಕುಡಿದು ದಾರಿ ತಪ್ಪಿದ ಮನುಷ್ಯನೋ, ಅದು ನಮ್ಮ ನಾಯಿಗೆ ಗೊತ್ತಿರಬೇಕೆಂದಿಲ್ಲ. ತಂತಿ ತಲುಪಿಸಿದ ಅಂಚೆಯವನಿಗೆ ಒಳಗಿನ ವಿಷಯ ಗೊತ್ತಿತ್ತೇ?

ನಿಜವಾದ ತೊಡಕು ತಂತಿ ಸ್ವೀಕರಿಸುವವರದ್ದು. ಹಗಲಿನ ಮೇಲ್ವಿಚಾರಕರು ರಾತ್ರಿ ಭಾಷ್ಯಕಾರರಾಗುತ್ತಾರೆ. ಹೊದಿಕೆಯಿಂದ ಮೂಗನ್ನೂ ಹೊರಹಾಕದೆ, “ಇದು ಮುಳ್ಳುಹಂದಿಗೆ. ಇದು ಪುನುಗುಬೆಕ್ಕಿಗೆ. ಇದು ಗುಳಿಗ ದೈವ ಸಂಚಾರ ಹೊರಟದ್ದಕ್ಕೆ, ಯಾರೂ ಹೊರಗೆ ಇಣುಕಬೇಡಿ” ಎಂದು ಮನೆಯವರಿಗೆ ಅರ್ಥ ಹೇಳುತ್ತಾರೆ. ಮೂರನೆಯ ಬೊಗಳಿಗೆ ಒಳಗಿನಿಂದಲೇ “ಹಚಾ!” ಎಂಬ ತೀರ್ಪು ಹೊರಬೀಳುತ್ತದೆ. ನಾಯಿ ಕಲಿಯುವ ಪ್ರಾಣಿ. ಬೊಗಳಿದರೆ ಬೈಗುಳ ಎಂಬ ಪಾಠ ಅದಕ್ಕೆ ವಾರದೊಳಗೆ ಬಾಯಿಪಾಠ. ನಾಲ್ಕನೆಯ ರಾತ್ರಿ ಕಾಡುಹಂದಿ ಬಂದು ಬಾಳೆಬುಡ ಅಗೆದು ಹೋದರೆ, ಬೆಳಗ್ಗೆ ಜಗಲಿಯಲ್ಲಿ ಆರೋಪಿ ಯಾರೆಂದು ಕೇಳುವುದೇ ಬೇಡ. ನೋಟೀಸು ಕೊಟ್ಟದ್ದು ನಾಯಿ, ವಿಚಾರಣೆಯಿಲ್ಲದೆ ವಜಾ ಮಾಡಿದ್ದು ಯಜಮಾನರು, ಶಿಕ್ಷೆ ಪುನಃ ನಾಯಿಗೆ.

“ಚಿರತೆ ಬಂದಾಗ ಬೊಗಳಲೇ ಇಲ್ಲ, ಬಾಲ ಮಡಚಿ ಬಾಗಿಲು ಕೆರೆಯಿತು, ಹೇಡಿ” ಎಂಬ ಮಾತೂ ಉಂಟು. ಜಗಲಿಯಿಂದಲೇ ನಾಯಿಯನ್ನು ಹೊತ್ತೊಯ್ಯುವ ಮೃಗದ ಎದುರು ಬೊಗಳದೇ ಇರುವುದು ಹೇಡಿತನವಾದರೆ, ಕೋವಿ ಗೋಡೆಗೆ ನೇತುಹಾಕಿ ಚಿಲಕ ಭದ್ರಪಡಿಸುವುದಕ್ಕೆ ಯಾವ ಹೆಸರು? ಬಾಗಿಲು ಕೆರೆದದ್ದೂ ಒಂದು ವರದಿಯೇ. ಇತ್ತೀಚೆಗೆ ಕೆಲವರು ಸಿಸಿ ಕ್ಯಾಮೆರಾ ಹಾಕಿಸಿ ನಾಯಿಯ ಅಗತ್ಯವಿಲ್ಲ ಎನ್ನುತ್ತಾರೆ. ಕರೆಂಟು ಹೋದಾಗ ಕ್ಯಾಮೆರಾ ಪೂರ್ಣ ನಿದ್ದೆ ಮಾಡುತ್ತದೆ, 16 ನಿಮಿಷಕ್ಕೊಮ್ಮೆ ಏಳುವುದಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತಿದ್ದದ್ದೇ.

ಆದ್ದರಿಂದ ಮೇಲ್ವಿಚಾರಕರಲ್ಲಿ ವಿನಂತಿ ಇಷ್ಟೆ. ನಾಯಿಯ ನಿದ್ದೆಯನ್ನು ಅದರ ಪಾಡಿಗೆ ಬಿಟ್ಟು, ಬೊಗಳಿದಾಗ ಒಂದು ಸಲ ಎದ್ದು ಟಾರ್ಚ್ ಬಿಡಿ. ಟಾರ್ಚನ್ನು ಚಾರ್ಜಿಗೆ ಇಡುವುದು ನಾಯಿಯ ಕೆಲಸವಲ್ಲ. ಹಾಗೆಯೇ, ಅಡಕೆ ತುಂಬಲಾಗದಷ್ಟು ಹರಿದದ್ದೆಂದು ಮೂರು ವರ್ಷದ ಹಿಂದೆ ಅದಕ್ಕೆ ಹಾಸಿದ ಆ ಗೋಣಿಯನ್ನು ಈ ಮಳೆಗಾಲಕ್ಕಾದರೂ ಬದಲಿಸಿ.