ಅಸಲಿ ಯಾತ್ರಿಕರು

ಜಿಆರ್ 65ರಲ್ಲಿ ನಡೆಯುವವರಿಗೆ ಮಳೆ ತಪ್ಪಬಹುದು, ಕಾಲಿನ ಬೊಬ್ಬೆ ತಪ್ಪಬಹುದು, ಅಸಲಿ ಯಾತ್ರಿಕರು ಮಾತ್ರ ತಪ್ಪುವುದಿಲ್ಲ. ಫ್ರಾನ್ಸಿನ ಲ ಪ್ವಿ ಊರಿನ ಕೆಥೆಡ್ರಲ್‌ನಿಂದ ಹೊರಟು, ಪಿರನೀಸ್ ಬೆಟ್ಟದತ್ತ ಸಾಗಿ, ಸ್ಪೇನಿನ ಸಾಂತಿಯಾಗೊ ಮುಟ್ಟಿಸುವ ಹಳೆಯ ಯಾತ್ರೆಯ ದಾರಿ ಇದು. ಕೊನೆ ಕಾಣಬೇಕೆಂದರೆ ಸುಮಾರು 1,500 ಕಿಲೋಮೀಟರ್ ಸವೆಸಬೇಕು. ದಾರಿಯುದ್ದಕ್ಕೂ ‘ಗೀಟ್’ ಎಂಬ ತಂಗುಮನೆಗಳಿವೆ: ಸಾಲು ಮಂಚ, ಬಿಸಿ ಸೂಪು, ಹತ್ತು ಜನಕ್ಕೊಂದು ಬಚ್ಚಲು. ಪ್ರತಿ ಗೀಟ್‌ನಲ್ಲೂ ಒಬ್ಬರಾದರೂ ಅಸಲಿ ಯಾತ್ರಿಕರು ಇದ್ದೇ ಇರುತ್ತಾರೆ.

ಗುರುತು ಹಿಡಿಯುವುದು ಕಷ್ಟವಲ್ಲ. ವಯಸ್ಸು ಅರವತ್ತು ದಾಟಿದೆ, ಕೆಲಸದಿಂದ ನಿವೃತ್ತರು. ಮುಖ ಬಿಸಿಲಿಗೆ ಕೆಂಪಾಗಿ, ಟೋಪಿ ತೆಗೆದಾಗ ಹಣೆಯೊಂದು ಬೆಳ್ಳಗೆ ಕಾಣುತ್ತದೆ. ಬೆನ್ನುಚೀಲದ ಹಿಂದೆ ಯಾತ್ರೆಯ ಗುರುತಿನ ಕಡಲಚಿಪ್ಪು ತೂಗಾಡುತ್ತದೆ. ಅದರ ಪಕ್ಕದಲ್ಲೇ ನಿನ್ನೆ ಒಗೆದ ಕಾಲುಚೀಲ ಪಿನ್ನಿಗೆ ನೇತುಬಿದ್ದು ಒಣಗುತ್ತಿರುತ್ತದೆ.

ರಾತ್ರಿ ಊಟಕ್ಕೆ ಕೂತ ಕೂಡಲೇ ಅವರು ಘೋಷಿಸುತ್ತಾರೆ: “ದಾರಿಯಲ್ಲಿ ಎಲ್ಲರೂ ಸಮಾನರು. ಇಲ್ಲಿ ಡಾಕ್ಟರೂ ಇಲ್ಲ, ಡ್ರೈವರೂ ಇಲ್ಲ. ಬಹುವಚನ ಬೇಡ, ನನ್ನನ್ನು ಏಕವಚನದಲ್ಲೇ ಮಾತಾಡಿಸಿ.” ಮೇಜಿನ ಸುತ್ತ ಕೂತವರ ಎದೆ ತುಂಬಿ ಬರುತ್ತದೆ. ಸೂಪಿನ ಪಾತ್ರೆ ಒಂದು ಸುತ್ತು ಬರುವಷ್ಟರಲ್ಲಿ ಎರಡನೆಯ ಮಾತು ಬರುತ್ತದೆ: “ಅದಿರಲಿ, ನೀನು ಎಲ್ಲಿಂದ ಹೊರಟೆ?” ಸಮಾನತೆಯ ಆಯುಸ್ಸು ಅಷ್ಟೇ.

ಈ ಪ್ರಶ್ನೆಗೆ ಬರುವ ಉತ್ತರದ ಮೇಲೆ ಅವರು ಪಂಕ್ತಿ ಹಾಕುತ್ತಾರೆ. ಸ್ವಂತ ಮನೆಯ ಹೊಸ್ತಿಲಿಂದ ಹೊರಟವರು ಮೊದಲ ಪಂಕ್ತಿ. ಲ ಪ್ವಿಯಿಂದ ಹೊರಟು ಒಂದೇ ಉಸಿರಿಗೆ ಸಾಂತಿಯಾಗೊ ತಲುಪುವವರು ಎರಡನೆಯದು. ರಜೆ ಸಿಕ್ಕಷ್ಟು, ವರ್ಷಕ್ಕೊಂದು ವಾರ ನಡೆದು, ಮುಂದಿನ ವರ್ಷ ಬಿಟ್ಟಲ್ಲಿಂದ ಶುರು ಮಾಡುವವರು ಮೂರನೆಯದು. ಇಂಥವರೇ ಹೆಚ್ಚು, ಆದ್ದರಿಂದ ಅವರ ಮುಂದೆ ಅಸಲಿಯವರು ನಿಟ್ಟುಸಿರನ್ನಷ್ಟೇ ಬಿಡುತ್ತಾರೆ. ಇನ್ನು ಚೀಲವನ್ನು ವ್ಯಾನಿಗೆ ಕೊಟ್ಟು ಕೈಬೀಸಿಕೊಂಡು ಬರುವವರಿಗೆ ಪಂಕ್ತಿಯೇ ಇಲ್ಲ. ಅವರು ‘ಪ್ರವಾಸಿಗರು’. ಕತ್ತೆಯ ಜೊತೆ ನಡೆಯುವವರ ವಿಷಯ ಇನ್ನೂ ಇತ್ಯರ್ಥವಾಗಿಲ್ಲ: ಚೀಲ ಹೊರುವುದು ಕತ್ತೆಯೇನೋ ಸರಿ, ಆದರೆ ಆ ಕತ್ತೆಯನ್ನು ದಿನವಿಡೀ ಎಳೆಯುವುದು ಯಾತ್ರಿಕನಲ್ಲವೇ? 1878ರಲ್ಲಿ ಪಕ್ಕದ ಸೆವೆನ್ ಬೆಟ್ಟಗಳಲ್ಲಿ ಮೊದೆಸ್ತೀನ್ ಎಂಬ ಕತ್ತೆಯೊಡನೆ ಹನ್ನೆರಡು ದಿನ ನಡೆದ ಸ್ಟೀವನ್‌ಸನ್ನನ ಹೆಸರೆತ್ತಿ ನೋಡಿ. “ಅವನು ಲೇಖಕ, ಬಿಡು” ಎಂದು ಕಡತ ಮುಚ್ಚುತ್ತಾರೆ.

ಈ ದಾರಿಯ ನಾಸ್ಬಿನಾಲ್ ಊರಿನಲ್ಲಿ ನಮಗೆ ಸಿಕ್ಕ ಅಸಲಿಯವರು ಲಿಯೋನ್ ನಗರದವರು. ಹೊರಟದ್ದು ಹೊಸ್ತಿಲಿಂದಲೇ, ಮೊದಲ ಪಂಕ್ತಿ. ಬೆಳಗಿನ ಎಂಟು ಗಂಟೆಗೆ ಬಾಗಿಲಲ್ಲಿ ನಿಂತು ಚೀಲಗಳ ವ್ಯಾನು ಬರುವುದನ್ನೇ ನೋಡುತ್ತಿದ್ದರು. ಯಾವ ಚೀಲಕ್ಕೆ ಯಾರ ಹೆಸರಿನ ಚೀಟಿ ಕಟ್ಟಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. “ಹಿಂದಿನ ಕಾಲದಲ್ಲಿ ವ್ಯಾನು ಇತ್ತೇ?” ಎಂದು ಗಾಳಿಗೆ ಕೇಳಿದರು.

ಇರಲಿಲ್ಲ, ನಿಜ. ಈ ದಾರಿಯ ಹೆಸರಾಂತ ಮೊದಲ ಯಾತ್ರಿಕ ಲ ಪ್ವಿಯ ಬಿಷಪ್ ಗೊದೆಸ್ಕಾಲ್ಕ್. 950ರಲ್ಲಿ ಹೊರಟ ಆತನ ಜೊತೆ ದೊಡ್ಡ ಪರಿವಾರವೇ ಇತ್ತು. ಬಿಷಪ್ಪರ ಗಂಟು ಬಿಷಪ್ಪರ ಬೆನ್ನ ಮೇಲಿತ್ತೆಂದು ನಂಬಲು ತುಂಬಾ ಭಕ್ತಿ ಬೇಕು. ಮಧ್ಯಯುಗದಲ್ಲಿ ಉಳ್ಳವರು ಕುದುರೆ, ಹೇಸರಗತ್ತೆ ಏರಿ ಹೋಗುತ್ತಿದ್ದರು. ಅದೂ ಆಗದವರು ದುಡ್ಡು ಕೊಟ್ಟು ತಮ್ಮ ಪರವಾಗಿ ಬೇರೆಯವನನ್ನೇ ನಡೆಯಲು ಕಳಿಸಿ, ಪುಣ್ಯವನ್ನು ಮನೆಯಲ್ಲೇ ಕೂತು ಪಡೆಯುತ್ತಿದ್ದರು. ಅಸಲಿಯವರ ‘ಹಿಂದಿನ ಕಾಲ’ದಲ್ಲಿ ಈ ಪುಟಗಳಿಲ್ಲ.

ನಾಸ್ಬಿನಾಲ್‌ನಿಂದ ಸಾಂ ಶೆಲಿ ಊರಿಗೆ 17 ಕಿಲೋಮೀಟರ್. ಈ ತುಂಡು ದಾರಿ 1998ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಹಾಗಾಗಿ ಅವತ್ತು ಅವರ ಶಿಸ್ತಿಗೆ ಇನ್ನಷ್ಟು ಬಿಗಿ. ಜಿಆರ್ ದಾರಿಗಳಿಗೆ ಬಿಳಿಯ ಕೆಳಗೆ ಕೆಂಪು, ಎರಡು ಪಟ್ಟಿಯ ಗುರುತು. ಮರದ ಮೇಲೆ, ಬಂಡೆಯ ಮೇಲೆ, ವಿದ್ಯುತ್ ಕಂಬದ ಮೇಲೆ ಬಳಿದಿರುತ್ತಾರೆ. ಅದೇ ಬಣ್ಣದ ಪಟ್ಟಿಗಳು ಗುಣಾಕಾರ ಚಿಹ್ನೆಯಾಗಿ ಕಂಡರೆ ಅತ್ತ ಹೋಗಬಾರದೆಂದು ಅರ್ಥ. ಅಸಲಿಯವರಿಗೆ ಈ ಬಣ್ಣ ವೇದವಾಕ್ಯ. ಟಾರು ರಸ್ತೆ ಕಣ್ಣೆದುರೇ ನೆಟ್ಟಗೆ ಹೋಗುತ್ತಿದ್ದರೂ, ಬಣ್ಣ ಹೊಲ ಬಳಸಿ ಹೋಗು ಎಂದರೆ ಇವರು ಬಳಸಿಯೇ ಹೋಗುವವರು. ನಾವು ರಸ್ತೆ ಹಿಡಿದು ಅರ್ಧ ಸೇಬು ತಿಂದು ಮುಗಿಸಿದಾಗ ಅವರು ಕೆಸರು ಮೆತ್ತಿದ ಮೊಣಕಾಲಿನೊಡನೆ ಪ್ರತ್ಯಕ್ಷರಾದರು. “ನೀವು ಬಂದದ್ದು ಲೆಕ್ಕಕ್ಕಿಲ್ಲ” ಎಂದರು.

ವಿಚಿತ್ರವೆಂದರೆ, ಆ ಬಳಸುದಾರಿಯನ್ನು ಗುರುತಿಸಿದ್ದು 1970ರ ದಶಕದ ಆರಂಭದಲ್ಲಿ. ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದ ಸ್ವಯಂಸೇವಕರು, ನಡೆಯುವವರಿಗೆ ವಾಹನಗಳ ಕಾಟ ತಪ್ಪಲೆಂದು, ಆದಷ್ಟು ರಸ್ತೆ ಬಿಟ್ಟು ಗೆರೆ ಎಳೆದರು. ಸಂಜೆಯೊಳಗೆ ಊಟ, ಸೂರು ಸಿಗಬೇಕಾಗಿದ್ದ ಹಿಂದಿನ ಕಾಲದ ಯಾತ್ರಿಕ ನೆಟ್ಟಗಿರುವ ರಸ್ತೆಯನ್ನೇ ಹಿಡಿಯುತ್ತಿದ್ದನೇನೋ. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಏರು ಸಿಕ್ಕಿತು, ಮಾತಿಗೆ ಉಸಿರು ಸಾಲಲಿಲ್ಲ.

ಮೇಲೆ ಓಬ್ರಾಕ್ ಬಯಲು. 1,300 ಮೀಟರ್ ಎತ್ತರ, ಮರಗಳೇ ವಿರಳ, ಕಲ್ಲುಗೋಡೆಗಳ ನಡುವೆ ಅಂಚು ಕಾಣದ ಹುಲ್ಲು. ಮೇ ಕೊನೆಗೆ ಇಲ್ಲಿಗೆ ಹತ್ತಿಬಂದು ಅಕ್ಟೋಬರ್‌ನಲ್ಲಿ ಇಳಿಯುವ ಕಂದು ಹಸುಗಳು ಕಾಡಿಗೆ ಕಣ್ಣು ಬಿಟ್ಟುಕೊಂಡು ಯಾತ್ರಿಕರನ್ನೂ ಪ್ರವಾಸಿಗರನ್ನೂ ಒಂದೇ ಸಮನೆ ನೋಡುತ್ತವೆ. ದಾರಿ ದನಗಳ ಬೇಲಿಯೊಳಗೇ ಹಾಯುತ್ತದೆ. ಗೇಟು ತೆಗೆದವರು ಮುಚ್ಚಲೇಬೇಕು. ಅಸಲಿಯವರು ಮುಚ್ಚಿ, ಎಳೆದು ನೋಡಿ, ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೊಮ್ಮೆ ಎಳೆದು ನೋಡಿದರು.

“ಯಾತ್ರಿಕ ನಾಳೆಯ ಚಿಂತೆ ಮಾಡಬಾರದು” ಎಂಬ ಉಪದೇಶವೂ ಅಲ್ಲೇ ಆಯಿತು. ಅದು ಮುಗಿಯುವ ಮುನ್ನ ಅವರ ಫೋನು ಬಡಿದುಕೊಂಡಿತು. ಮುಂದಿನ ಊರಿನ ಗೀಟ್‌ನವರು. ಜನವರಿಯಲ್ಲೇ ಕಾಯ್ದಿರಿಸಿದ್ದ ಜಾಗದ ಬಗ್ಗೆ ಮಾತಾಯಿತು. ಕೆಳಗಿನ ಮಂಚವೇ ಬೇಕೆಂದು ಮೂರು ಸಲ ಒತ್ತಿ ಹೇಳಿದರು.

ಓಬ್ರಾಕ್ ಹಳ್ಳಿಯಲ್ಲಿ ಸುಮಾರು 1120ರಲ್ಲಿ ಅದಲಾರ್ ಎಂಬ ಫ್ಲಾಂಡರ್ಸ್ ಪ್ರಭು ಕಟ್ಟಿಸಿದ ಯಾತ್ರಿಕರ ಛತ್ರವಿತ್ತು. ಮಂಜು, ಹಿಮ ಕವಿದಾಗ ದಾರಿ ತಪ್ಪಿದವರು ಸದ್ದು ಹಿಡಿದು ಬರಲೆಂದು ಅಲ್ಲಿ ಗಂಟೆ ಬಾರಿಸುತ್ತಿದ್ದರು. ಗಂಟೆ ಕೇಳಿ ಬಂದವನನ್ನು ಎಲ್ಲಿಂದ ಹೊರಟೆ ಎಂದು ಕೇಳಿ ಒಳಗೆ ಬಿಡುತ್ತಿದ್ದರೋ ಏನೋ, ಅಸಲಿಯವರು ಹೇಳಲಿಲ್ಲ. ಅವರ ಗಮನ ಆಗಲೇ ಅಲಿಗೊ ಕಡೆ ಹರಿದಿತ್ತು. ಬೆಂದ ಆಲೂಗಡ್ಡೆಗೆ ಹಸಿ ತೊಮ್ ಚೀಸು, ಬೆಣ್ಣೆ, ಕೆನೆ, ಬೆಳ್ಳುಳ್ಳಿ ಹಾಕಿ, ಸೌಟೆತ್ತಿದರೆ ಮೊಳದುದ್ದ ಎಳೆ ಬರುವ ತನಕ ತಿರುವಿದ ಪದಾರ್ಥ ಅದು. “ಇದು ಹಿಂದಿನ ಕಾಲದ ಯಾತ್ರಿಕರ ಊಟ” ಎಂದು ಎರಡನೆಯ ಸಲ ಬಡಿಸಿಕೊಂಡರು. ಅಮೆರಿಕದಿಂದ ಆಲೂಗಡ್ಡೆ ಯೂರೋಪಿಗೆ ಬರುವಷ್ಟರಲ್ಲಿ ಛತ್ರಕ್ಕೆ ನಾಲ್ಕು ಶತಮಾನ ತುಂಬಿತ್ತು. ಆದರೆ ಉಣ್ಣುವವರ ಮುಂದೆ ಇತಿಹಾಸ ಬಡಿಸಬಾರದು.

ಅಲ್ಲಿಂದ ಸಾಂ ಶೆಲಿಗೆ ಐನೂರು ಮೀಟರ್ ಇಳಿಜಾರು, ಕಾಲಿಟ್ಟಲ್ಲೆಲ್ಲ ಉರುಳುವ ಕಲ್ಲು. ಹೊಟ್ಟೆಯಲ್ಲಿ ಅಲಿಗೊ, ಬೆನ್ನಲ್ಲಿ ಚೀಲ, ಎರಡರ ಭಾರವೂ ಮಂಡಿಯ ಮೇಲೆ. ಅಸಲಿಯವರು ಅಡ್ಡಡ್ಡ ಹೆಜ್ಜೆಯಿಟ್ಟು ಇಳಿಯುತ್ತಿದ್ದರೆ, ವ್ಯಾನಿಗೆ ಚೀಲ ಕೊಟ್ಟ ಇಬ್ಬರು ಅಜ್ಜಿಯರು ಹರಟೆ ಹೊಡೆಯುತ್ತಾ, ಶುಭಹಾರೈಸಿ ಮುಂದೆ ಹೋದರು. ಅಸಲಿಯವರು ಉತ್ತರವಾಗಿ ತಲೆಯಾಡಿಸಿದರು. ಮಾತಾಡಲು ಕಚ್ಚಿಹಿಡಿದ ಹಲ್ಲು ಬಿಡಿಸಬೇಕಾಗಿತ್ತು.

ಸಂಜೆ ಗೀಟ್‌ನಲ್ಲಿ ಯಥಾಪ್ರಕಾರ ಸೂಪು, ಸಮಾನತೆ, ಪ್ರಶ್ನೆ. ಮೇಜಿನ ತುದಿಯಲ್ಲಿ ಕೂತಿದ್ದ ಇಪ್ಪತ್ತೈದರ ಹುಡುಗಿಯ ಸರದಿ ಬಂತು.

“ನೀನು ಎಲ್ಲಿಂದ ಹೊರಟೆ?”

“ಸಾಂತಿಯಾಗೊದಿಂದ.”

“ಅಲ್ಲಮ್ಮ, ಅಲ್ಲಿಗೆ ಹೋಗೋದು. ಹೊರಟದ್ದು ಎಲ್ಲಿಂದ?”

“ಹೋಗಿದ್ದಾಯ್ತು. ಈಗ ವಾಪಸ್ ಮನೆಗೆ ನಡೀತಿದೀನಿ. ದಾರೀಲಿ ಸಿಕ್ಕವರೆಲ್ಲ, ದಾರಿ ತಪ್ಪಿದೆ ಕಣಮ್ಮ, ಹಿಂದೆ ತಿರುಗು ಅಂತಾರೆ” ಎಂದು ನಕ್ಕಳು.

ಚಮಚಗಳ ಸದ್ದು ನಿಂತಿತು. ಹುಡುಗಿ ಬ್ರೆಡ್ ಮುರಿದುಕೊಳ್ಳುತ್ತಾ, ಅವರೇ ಹೇಳಿದ್ದ ಏಕವಚನದಲ್ಲಿ, ಯಾವ ಕೊಂಕೂ ಇಲ್ಲದೆ ಕೇಳಿದಳು: “ನೀನು ವಾಪಸ್ ಹೇಗೆ ಹೋಗ್ತೀಯ?”

“ವಿಮಾನ,” ಎಂದರು ಅಸಲಿಯವರು, ಸೂಪಿನೊಳಗೆ ನೋಡುತ್ತಾ. “ಟಿಕೆಟ್ ಆಗಿದೆ.”

“ಹೌದಾ? ಹಿಂದಿನ ಕಾಲದಲ್ಲಿ ಎಲ್ಲರೂ ನಡೆದೇ ವಾಪಸ್ ಬರ್ತಿದ್ರಂತೆ, ಪಾಪ” ಎಂದು ಹುಡುಗಿ ಉಪ್ಪಿನ ಡಬ್ಬಿಗೆ ಕೈಚಾಚಿದಳು.

ಆ ರಾತ್ರಿ ಅವರು ಮತ್ತೆ ಯಾರನ್ನೂ ಏನೂ ಕೇಳಲಿಲ್ಲ. ಕೆಳಗಿನ ಮಂಚ ಬಹಳ ಹೊತ್ತು ಕಿರುಗುಟ್ಟುತ್ತಿತ್ತು. ಆದರೆ ಅಸಲಿ ಯಾತ್ರಿಕರನ್ನು ಹಗುರವಾಗಿ ಎಣಿಸಬಾರದು. ಬೆಳಿಗ್ಗೆ ಹುಡುಗಿ ಮೇಲಿನ ಬಯಲ ಕಡೆ ಹೊರಟು ಕಣ್ಮರೆಯಾದ ಮೇಲೆ, ಕಾಫಿಯ ಬಟ್ಟಲು ಹಿಡಿದು ಹೊಸಬರ ಪಕ್ಕ ಬಂದು ಕೂತರು. ಮುಖದಲ್ಲಿ ತೇಜಸ್ಸು ಮರಳಿತ್ತು.

“ಹೋಗೋದು ಯಾತ್ರೆ,” ಎಂದರು. “ವಾಪಸ್ ಬರೋದು ಬರೀ ಪ್ರಯಾಣ. ಅದನ್ನು ಹೇಗೆ ಮಾಡಿದರೂ ನಡೆಯುತ್ತೆ. ಅದಿರಲಿ, ನೀನು ಎಲ್ಲಿಂದ ಹೊರಟೆ?”