ಮೌತ್ ಆರ್ಗನ್ನಿಗೊಂದು ಒಡಕು ಮೈಕು

ಮೌತ್ ಆರ್ಗನ್ನಿನಲ್ಲಿ ಬ್ಲೂಸ್ ಊದುವ ಹುಚ್ಚು ಷಿಕಾಗೋದಲ್ಲಿ ಹಿಡಿದರೆ ಮದ್ದು ಸಿಕ್ಕೀತು. ಕೂಡ್ಲಿಗಿಯಲ್ಲಿ ಹಿಡಿದರೆ ಮೈಕ್‌ಸೆಟ್ ಅಂಗಡಿಯೇ ಗತಿ.

"ಮದುವಿಗೋ, ಮಣ್ಣಿಗೋ?" ಎಂದ ಅಂಗಡಿಯ ಹುಡುಗ.

"ಮೌತ್ ಆರ್ಗನ್ನಿಗೆ."

ಮರುಕದಿಂದ ಕುರ್ಚಿ ಕೊಟ್ಟ.

ನನಗೆ ಬೇಕಿದ್ದದ್ದು ಒಡಕು ದನಿ. 1952ರಲ್ಲಿ 'ಜೂಕ್' ನುಡಿಸಿದ ಮೌತ್ ಆರ್ಗನ್ ವಾದಕ ಲಿಟ್ಲ್ ವಾಲ್ಟರ್‌ನ ಹಾದಿ ಅದು: ಮೈಕನ್ನೂ ವಾದ್ಯವನ್ನೂ ಅಂಗೈಯೊಳಗೆ ಒತ್ತಿ ಮುಚ್ಚಿ, ವಾಲ್ವ್ ಆಂಪ್ಲಿಫೈಯರ್ ಉಬ್ಬಸಪಡುವಂತೆ ಊದುವುದು. ಇದಕ್ಕೆಂದೇ ಜನ ಶೂರ್ ಕಂಪನಿಯ ಗ್ರೀನ್ ಬುಲೆಟ್ ಮೈಕು ಹುಡುಕುತ್ತಾರೆ. ಬೇಸ್ ಗಿಟಾರಿಗೆಂದು ಹುಟ್ಟಿದ ಫೆಂಡರ್ ಬೇಸ್‌ಮನ್ ಆಂಪ್ಲಿಫೈಯರಿಗೆ ಹಣ ಸುರಿಯುತ್ತಾರೆ. ಹಳೆಯ ಆಸ್ಟಾಟಿಕ್ ಮೈಕಿನೊಳಗಿನ ಹರಳಿಗಂತೂ ಸೆಕೆ ಆಗಿಬರದು. ನಮ್ಮೂರಿನ ಏಪ್ರಿಲ್‌ಗೆ ಅದು ಪಾರ್ಸಲ್ಲಿನಲ್ಲೇ ಪ್ರಾಣ ಬಿಟ್ಟೀತು.

ಹುಡುಗ ಅಹುಜಾ ಆಂಪ್ಲಿಫೈಯರಿನ ಬೆನ್ನು ತಟ್ಟಿ, "ಕೊಟ್ಟೂರು ತೇರಿನ ಗದ್ದಲದಾಗೂ ಒಂದೊಂದು ಅಕ್ಷರ ಕೇಳತೈತ್ರಿ" ಎಂದ.

"ಅದೇ ತೊಂದರೆ. ಸ್ವಲ್ಪ ಒಡೀಬೇಕಪ್ಪ."

"ಒಡದದ್ದು ಒಳಗೈತಿ, ರಿಪೇರಿಗೆ ಬಂದದ್ದು" ಎಂದು ಧೂಳು ಹಿಡಿದದ್ದೊಂದನ್ನು ಹೊತ್ತು ತಂದ. ಮೈಕು ಮುಚ್ಚಿ ಹಿಡಿದೆ. ಊದುವ ಮೊದಲೇ ಸ್ಪೀಕರಿನ ದನಿ ಮೈಕಿಗೆ ಹೊಕ್ಕು, ಮೈಕಿನದು ಸ್ಪೀಕರಿಗೆ ಹೊಕ್ಕು, ಬೀದಿಗೆಲ್ಲ ಕುಂಯ್ಯೆಂದು ಹರಡಿತು. ಎದುರಿನ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯವರು ಜಾಲರಿ ಹಿಡಿದೇ ಓಡಿಬಂದು, "ಯಾರಿಗೇನಾತು?" ಎಂದರು. ನಾನಂತೂ ಪುಳಕಿತನಾಗಿದ್ದೆ, ಅರ್ಧ ಷಿಕಾಗೋ ಆಗಲೇ ಬಂದಿತ್ತು.

"ಬಾಡಿಗಿ ಬ್ಯಾಡ ಸಾರ್, ಹಂಗೇ ಒಯ್ರಿ" ಎಂದ ಹುಡುಗ. "ಆದ್ರ ಗುಡೇಕೋಟಿ ಕಡಿ ಹೋಗಿ ಊದ್ರಿ. ಅಲ್ಲಿ ಕರಡಿಧಾಮ ಐತಿ, ಕೇಳಾಕ ಯಾರಾರ ಬರ್ತಾರ."